ಸಂಬಂಧಿಕರ ಪೈಕಿ

“ಮುಂದಿನ ಅರ್ಜಿ, ಬಸ್ ಚಾಲಕರದ್ದು” ಎಂದು ಕಾರ್ಯದರ್ಶಿ ಓದಿದಾಗ ಕನ್ನಡಕದಕ್ಕ ಮುಂದಿದ್ದ ನಕ್ಷೆಯನ್ನು ಮಡಿಸಿಟ್ಟಳು. ಅದರಲ್ಲಿ ನೋಡುವುದೇನೂ ಉಳಿದಿರಲಿಲ್ಲ. ಚಾಲಕ ಹಿಂದಿನ ಸಾಲಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟು, ಮೊಣಕಾಲುಗಳನ್ನು ಕೂಡಿಸಿಕೊಂಡು ಕುಳಿತಿದ್ದ.

ಪೇಟೆಬೀದಿಯಲ್ಲಿ ಕನ್ನಡಕದಂಗಡಿ ಇಟ್ಟಿದ್ದರಿಂದ ಅವಳಿಗೆ ಆ ಹೆಸರು. ಪುರಸಭೆಯ ಚುನಾವಣೆಯಲ್ಲಿ ಗೆದ್ದು, ಕಟ್ಟಡದ ಅರ್ಜಿಗಳನ್ನು ತೀರ್ಮಾನಿಸುವ ಏಳು ಜನರ ಸಮಿತಿಗೆ ಬಂದಿದ್ದಳು. ಬಂದವರೆಲ್ಲರ ಮಾತು ಕೇಳುತ್ತಾಳೆ, ಮುಖ ನೋಡಿ ಮಣೆ ಹಾಕುವವಳಲ್ಲ ಎಂದು ಜನ ಹೇಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದಾಗ ಹಿತವಾಗಿಯೂ ಇತ್ತು.

ಚಾಲಕ ಕೇಳಿದ್ದು ದೊಡ್ಡದೇನಲ್ಲ. ಅವನ ಮನೆಯಲ್ಲಿ ವಾಸವೆಲ್ಲ ಮಹಡಿಯ ಮೇಲೆ. ಹೆಂಡತಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಕೆಳಗೆ, ಮನೆಯ ಮುಂದೆ, ಬಚ್ಚಲು ಸೇರಿದಂತೆ ಒಂದು ಕೋಣೆ, ಗಾಲಿಕುರ್ಚಿ ಇಳಿಯುವಷ್ಟು ಇಳಿಜಾರು. ಬೀದಿಯಂಚಿನಿಂದ ಬಿಡಬೇಕಾದ ಜಾಗ ಎರಡಡಿ ಕಡಿಮೆ ಬೀಳುತ್ತಿತ್ತು. ಅಂಥ ವಿನಾಯಿತಿಗಳನ್ನು ಸಮಿತಿ ಹಿಂದೆಯೂ ಕೊಟ್ಟಿತ್ತು. ಆದರೆ ಎದುರುಮನೆಯವನು ತಕರಾರು ಹಾಕಿದ್ದ. ಇಳಿಜಾರು ಬಂದರೆ ತನ್ನ ಕಾರನ್ನು ಒಂದೇ ಸಲಕ್ಕೆ ಗೇಟಿನೊಳಗೆ ತಿರುಗಿಸಲಾಗದು, ಹಿಂದೆಮುಂದೆ ಮಾಡಬೇಕಾಗುತ್ತದೆ ಎಂದು.

ಆ ಎದುರುಮನೆಯವನು ಕನ್ನಡಕದಕ್ಕನ ಅತ್ತಿಗೆಯ ತಮ್ಮ.

ಸಮಿತಿಯವರು ಸ್ಥಳ ನೋಡಲು ಹೋದ ದಿನ ಅವಳೊಬ್ಬಳೇ ಮಹಡಿ ಹತ್ತಿದ್ದಳು. ಚಾಲಕನ ಹೆಂಡತಿ ಅವಳ ಅಂಗಡಿಯದೇ ಕನ್ನಡಕ ಹಾಕಿಕೊಂಡು ಹಾಸಿಗೆಗೆ ಒರಗಿದ್ದಳು. ತೊದಲಿದರೂ ಮಾತಿನ ಮೊನಚು ಹೋಗಿರಲಿಲ್ಲ. “ಹತ್ರದ್ದು ಚೆನ್ನಾಗಿ ಕಾಣತ್ತೆ ಅಕ್ಕ. ದೂರದ್ದಕ್ಕೆ ಬೇರೆ ಗಾಜು ಬೇಡ, ನನಗೀಗ ದೂರ ಅಂತ ಎಲ್ಲಿದೆ?” ಎಂದು ಸೊಟ್ಟಬಾಯಲ್ಲಿ ನಕ್ಕಿದ್ದಳು. ಕನ್ನಡಕದಕ್ಕ ಅವಳ ಕೈ ಹಿಡಿದು, “ಕೆಳಗೆ ಬರ್ತೀಯ, ಯೋಚ್ನೆ ಮಾಡ್ಬೇಡ” ಎಂದಿದ್ದಳು.

ಆ ವಾರವೇ ಅತ್ತಿಗೆ ಅಂಗಡಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. “ನನ್ನ ತಮ್ಮನ ವಿರುದ್ಧ ಕೈ ಎತ್ತಿದ ಮೇಲೆ ನಮ್ಮ ಹೊಸಿಲು ತುಳಿಯೋ ಕಷ್ಟ ತಗೋಬೇಡಿ. ಅತ್ತೆಗೆ ನಾನೇ ಏನಾದ್ರೂ ಹೇಳ್ಕೋತೀನಿ” ಎಂದಳು. ಅವ್ವ ಇದ್ದದ್ದು ಅಣ್ಣನ ಮನೆಯಲ್ಲಿ. ಮಗಳು ಬರುವ ಸಂಜೆಗಾಗಿ ತಲೆ ಬಾಚಿಸಿಕೊಂಡು ಕಾಯುವ ಜೀವ. ಅಣ್ಣನನ್ನು ಕೇಳಿದರೆ, “ಅವಳ ಸ್ವಭಾವ ಗೊತ್ತಲ್ಲ, ನನ್ನನ್ನ ಯಾಕೆ ನಡುವೆ ಎಳೀತೀಯ?” ಎಂದು ಜಾರಿಕೊಂಡ.

ಸಭೆಯ ಹಿಂದಿನ ದಿನ ಅವಳು ಕಾರ್ಯದರ್ಶಿಯ ಕೋಣೆಗೆ ಹೋದಳು.

“ಹತ್ತಿರದ ಸಂಬಂಧಿಕರ ವಿಷಯ ಬಂದ್ರೆ ಸದಸ್ಯರು ಎದ್ದು ಹೋಗ್ಬೇಕು ಅಂತ ಇದೆಯಲ್ಲ?”

“ಇದೆ. ಗಂಡ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು.”

“ಅತ್ತಿಗೆಯ ತಮ್ಮ?”

ಕಾರ್ಯದರ್ಶಿ ನಕ್ಕ. “ಅಷ್ಟು ದೂರ ಹೋದ್ರೆ ಈ ಊರಲ್ಲಿ ಸಭೆಗೆ ಕುರ್ಚಿಗಳೇ ಉಳಿಯೋದು. ನೀವು ಧಾರಾಳವಾಗಿ ಕೂತ್ಕೋಬಹುದು ಅಕ್ಕ.”

ಕೂರಬಹುದು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅವಳು ಕೇಳಲು ಹೋದದ್ದು ಬೇರೆ ಉತ್ತರವನ್ನು.

ಈಗ ಸಭೆಯಲ್ಲಿ ಅವಳು ಎದ್ದು ನಿಂತಳು. “ಅಧ್ಯಕ್ಷರೇ, ತಕರಾರು ಹಾಕಿದವರು ನಮ್ಮ ಸಂಬಂಧಿಕರ ಪೈಕಿ. ನಾನು ಈ ತೀರ್ಮಾನದಲ್ಲಿ ಇರೋದು ಸರಿಯಲ್ಲ. ಹೊರಗೆ ಹೋಗ್ತೀನಿ.” ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

ಕಾರ್ಯದರ್ಶಿ ತಲೆ ಎತ್ತಿ ಅವಳನ್ನೇ ನೋಡಿದ. “ಹಾಗೇ ಬರ್ಕೊಳ್ಲಾ ಅಕ್ಕ?”

ಅಷ್ಟು ಮೆತ್ತಗೆ ಅವನು ಯಾರನ್ನೂ ಕೇಳಿದ್ದಿಲ್ಲ. ಬೇಡ ಎನ್ನಲು ಇನ್ನೂ ಸಮಯವಿತ್ತು.

“ಬರ್ಕೊಳ್ಳಿ.”

ಪಡಸಾಲೆಯಲ್ಲಿ ಕುಡಿಯುವ ನೀರಿನ ಯಂತ್ರದ ಪಕ್ಕ ಒಂದು ಬೆಂಚು. ಅವಳು ಕೂರದೆ ಗೋಡೆಗೆ ಒರಗಿ ನಿಂತಳು. ಬಾಗಿಲ ಸಂದಿಯಿಂದ ಎದುರುಮನೆಯವನ ಒರಟು ದನಿ, ಚಾಲಕನ ಒಣಗಿದ ದನಿ ಸರದಿಯಲ್ಲಿ ಕೇಳಿದವು. ಆಮೇಲೆ ಕುರ್ಚಿಗಳು ಕಿರುಗುಟ್ಟಿದವು. ಕಾರ್ಯದರ್ಶಿ ಎಣಿಸಿ ಹೇಳಿದ್ದು ಕೇಳಿತು: ಪರ ಮೂರು ಕೈ, ವಿರೋಧ ಮೂರು ಕೈ. ಸಮಬಲವಾದರೆ ಅರ್ಜಿ ಬಿದ್ದಂತೆ.

ಅಧ್ಯಕ್ಷರು ಹೊರಬಂದವರೇ ಎಲ್ಲರಿಗೂ ಕೇಳುವಂತೆ, “ನಿಮ್ಮಂಥ ನಿಯತ್ತಿನವರು ಇನ್ನಿಬ್ಬರಿದ್ರೆ ಈ ಊರು ಉದ್ಧಾರವಾಗ್ತಿತ್ತು” ಎಂದರು. ಎದುರುಮನೆಯವನು ಹಲ್ಲು ಕಾಣದಂತೆ ನಕ್ಕು ಇಳಿದುಹೋದ. ಕಾರ್ಯದರ್ಶಿ ಕಡತಗಳನ್ನು ಎದೆಗವಚಿಕೊಂಡು, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ದಾಟಿ ನಡೆದ. ಅವನು ಬೈದಿದ್ದರೂ ಅಷ್ಟು ಸುಡುತ್ತಿರಲಿಲ್ಲ.

ಚಾಲಕ ಕೊನೆಗೆ ಬಂದ. ಅವನನ್ನು ನೋಡಲಾರದೆ ಅವಳು ಲೋಟಕ್ಕೆ ನೀರು ಹಿಡಿಯತೊಡಗಿದಳು.

“ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ ಅಕ್ಕ” ಎಂದ ಅವನು. “ಸಂಬಂಧಿಕರು ಅಂದ್ಮೇಲೆ ಅವರ ಪರ ಕೈ ಎತ್ತಬಹುದಿತ್ತು, ಎತ್ತಲಿಲ್ಲ. ಅಷ್ಟಾದ್ರೂ ನ್ಯಾಯ ನೋಡಿದ್ರಿ. ಮನೇಲಿ ಅವಳಿಗೂ ಹೇಳ್ತೀನಿ.”

ಅವಳ ಕೈಯಲ್ಲಿನ ಲೋಟ ತುಂಬಿ ಹೊರಚೆಲ್ಲಿತು. “ಹಾಗಲ್ಲ...” ಎಂದಳು. ಅವನು ಕಾದ. ಅವಳು ಲೋಟವನ್ನು ಯಂತ್ರದ ಮೇಲಿಟ್ಟಳು. ಕೊನೆಗೆ ಬಾಯಿಂದ ಬಂದದ್ದು, “ಇನ್ನೊಂದ್ಸಲ ಹಾಕಿ ಅರ್ಜಿ. ವರ್ಷ ಕಳೆದ್ಮೇಲೆ ಹಾಕಬಹುದು.”

“ಹಾಕ್ತೀನಿ” ಎಂದು ಅವನು ತುಸು ಯೋಚಿಸಿದ. “ಆದ್ರೆ ಆವಾಗ್ಲೂ ನೀವು ಎದ್ದು ಹೋಗ್ಬೇಕಾಗತ್ತೆ, ಅಲ್ವಾ?”

ಅದು ಅವಳಿಗೆ ಹೊಳೆದೇ ಇರಲಿಲ್ಲ. ಒಂದು ಸಲ ಬರೆಸಿದ ಸಂಬಂಧ ಮುಂದೆಯೂ ಸಂಬಂಧವೇ. ತಲೆಯಾಡಿಸಿದಳು. ಅವನು ಕೈಮುಗಿದು, ಮೆಟ್ಟಿಲ ಕಟಕಟೆ ಹಿಡಿದು ನಿಧಾನವಾಗಿ ಇಳಿದ. ಯಾರನ್ನೋ ಹೊತ್ತು ಇಳಿಯುವ ಅಭ್ಯಾಸ ಬರಿಗೈಯಲ್ಲೂ ಬಿಟ್ಟಿರಲಿಲ್ಲ.

ಸಂಜೆ ಅಣ್ಣನ ಮನೆಗೆ ಹೋದಳು. ಹೋಗದಿದ್ದರೆ ಮಾಡಿದ್ದಕ್ಕೆ ಆ ಒಂದು ಅರ್ಥವೂ ಇರುತ್ತಿರಲಿಲ್ಲ. ಅತ್ತಿಗೆ ಬಾಗಿಲಿಗೇ ಬಂದು ಕೈಯಿಂದ ಚೀಲ ತೆಗೆದುಕೊಂಡಳು. “ಬನ್ನಿ ಬನ್ನಿ, ಅತ್ತೆ ಆಗ್ಲೇ ನಾಲ್ಕು ಸಲ ಕೇಳಿದ್ರು” ಎಂದು, ನೆಂಟರಿಗೆ ತೆಗೆಯುವ ಬಟ್ಟಲಲ್ಲಿ ಚಹಾ ತಂದಿಟ್ಟಳು. ಅಣ್ಣ ಟಿವಿಯಿಂದ ಕಣ್ಣು ಕೀಳಲಿಲ್ಲ.

ಅವ್ವ ಕಿಟಕಿಯ ಬಳಿ ಮಂಚದಲ್ಲಿದ್ದಳು. “ಇವತ್ತು ಸಭೆ ಇತ್ತಂತೆ. ಏನ್ಮಾಡ್ದೆ?”

“ಏನೂ ಮಾಡ್ಲಿಲ್ಲವ್ವ.”

“ಒಳ್ಳೇದಾಯ್ತು ಬಿಡು, ದಣಿವಾದ್ರೂ ಇಲ್ಲ” ಎಂದಳು ಅವ್ವ. ಮಗಳ ಬಲಗೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದು ಮಡಿಲಲ್ಲಿಟ್ಟುಕೊಂಡು, ಹಾಗೆಯೇ ತೂಕಡಿಸಿದಳು. ಹೊರಗೆ ಯಾರೋ ಬೀದಿಯ ದೀಪ ಹಾಕಿದರು. ಚಹಾದ ಮೇಲೆ ಕೆನೆ ಕಟ್ಟಿ ಸುಕ್ಕಾಯಿತು. ಅವಳು ಕೈ ಬಿಡಿಸಿಕೊಳ್ಳದೆ ಕುಳಿತಿದ್ದಳು.