ಅಳಿಯನ ಟಗರು

"ಎತ್ತಿ ನೋಡು," ಎಂದು ಮಾವ ಕುರಿಮರಿಯೊಂದನ್ನು ಅಳಿಯನ ಕೈಗೆ ತುರುಕಿದರು. "ಇಷ್ಟು ಹೊತ್ತಿಗೆ ಇದನ್ನ ಎತ್ತಿದರೆ ನನ್ನ ಸೊಂಟ ಹಿಡೀಬೇಕಿತ್ತು. ಹತ್ತಿ ತುಂಬಿದ ಹಾಗಿದೆ. ಹಾಕಿದ ಹಿಂಡಿಯೆಲ್ಲ ಎಲ್ಲಿಗೆ ಹೋಗುತ್ತೆ?"

ಅಳಿಯ ಮರಿಯನ್ನು ಕೆಳಗಿಳಿಸಿದ. ಹಿಂಡಿ ಕೋಣೆಯ ಬೀಗದ ಕೈ ಅವನ ಬಳಿಯೇ ಇತ್ತು. ಎರಡು ಹೊತ್ತೂ ಅಳೆದು ಹಾಕುತ್ತಿದ್ದವನು ಅವನೇ. ಹೆಂಡತಿಯ ಮನೆಯಲ್ಲಿ ನೆಲೆನಿಂತವನ ಮೇಲೆ ಅನುಮಾನ ಬರಲು ಸಾಕ್ಷಿ ಬೇಕಿಲ್ಲ. ಸಾಲದ್ದಕ್ಕೆ ಮಾಂಸದಂಗಡಿಯವನೂ ಮಾವನೆದುರು ತಲೆಯಾಡಿಸಿ ಹೋಗಿದ್ದ: "ಚರ್ಮ ಸುಲಿದರೆ ಬರೀ ಮೂಳೆ, ಯಜಮಾನರೇ. ಇರೋ ಮಾಂಸವೂ ಒಗೆದ ಬಟ್ಟೆ ಹಾಗೆ ಬಿಳಿಚಿಕೊಂಡಿದೆ. ಗಿರಾಕಿಗಳು ಮೂಗು ಮುರೀತಾರೆ."

ಮಂದೆಯಲ್ಲಿ ಮೈತುಂಬಿಕೊಂಡಿದ್ದದ್ದು ಒಂದೇ: ಅವನು ಈ ಮನೆಗೆ ಬರುವಾಗ ಹೊಡೆದುಕೊಂಡು ಬಂದ ಟಗರು. ಬಟ್ಟೆಯ ಗಂಟು ಬಿಟ್ಟರೆ ಅವನು ತಂದದ್ದು ಅದೊಂದನ್ನೇ. ಬಂದವರೆಲ್ಲ "ಅಳಿಯನ ಟಗರು" ಎಂದು ಅದರ ಬೆನ್ನು ತಟ್ಟಿದರೆ, ತನ್ನ ಬೆನ್ನನ್ನೇ ತಟ್ಟಿದಂತೆ ಅವನು ನೆಟ್ಟಗಾಗುತ್ತಿದ್ದ. "ಇದಕ್ಕಂತೂ ಮೇವು ಸರಿಯಾಗಿ ಸಲ್ಲುತ್ತಿದೆ," ಎಂದು ಈಚೆಗೆ ಅತ್ತೆ ನಗುನಗುತ್ತಲೇ ಮುಳ್ಳು ಚುಚ್ಚಿದ್ದಳು.

ಕಳ್ಳನೆನಿಸಿಕೊಂಡು ಆ ಮನೆಯ ಅನ್ನ ತಿನ್ನಲಾರದೆ ಅವನೇ ಹೋಗಿ ಪಶುವೈದ್ಯೆಯನ್ನು ಕರೆತಂದ. ಆಕೆ ಮರಿಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಗಿರಬೇಕಾದ ಜಾಗ ಸುಣ್ಣ ಬಳಿದಂತಿತ್ತು. ಕಿವಿಯಂಚಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡಳು. "ಆ ಟಗರಿನದೂ ಇರಲಿ," ಎಂದಳು.

ಮರುದಿನ ಆಸ್ಪತ್ರೆಯಲ್ಲಿ ಆಕೆ, "ಹಿಂಡಿಯ ತಪ್ಪಲ್ಲ, ರಕ್ತದಲ್ಲೇ ರೋಗಾಣು ಕೂತಿದೆ," ಎಂದಳು. "ಕೆಂಪು ಕಣಗಳನ್ನು ಹಾಳು ಮಾಡುತ್ತೆ. ತಿಂದದ್ದೆಲ್ಲ ಹೊಸ ರಕ್ತ ಮಾಡೋಕೇ ಸರಿಹೋದರೆ ಮೈ ಎಲ್ಲಿಂದ ಹಿಡಿಯಬೇಕು?"

ಅವನ ಎದೆಯ ಮೇಲಿನ ಕಲ್ಲು ಇಳಿಯಿತು.

"ಟಗರು ಹೊರಗಿನಿಂದ ಬಂದದ್ದಾ?"

"ಹೌದು. ನನ್ನದೇ."

"ಅದರಲ್ಲೂ ಇದೆ, ಹಳೇ ಸೋಂಕು. ಅದಕ್ಕೆ ಒಗ್ಗಿಹೋಗಿದೆ, ಏನೂ ಆಗಲ್ಲ. ಉಣ್ಣಿಗಳು ಅದರ ರಕ್ತ ಕುಡಿದು ಮರಿಗಳಿಗೆ ಅಂಟಿಸ್ತವೆ. ಮೊದಲು ಅದನ್ನ ಬೇರೆ ಕಟ್ಟಿ. ಎಲ್ಲಕ್ಕೂ ಔಷಧಿ ಕೊಡೋಣ. ನಾನು ಹೇಳೋವರೆಗೂ ಒಂದನ್ನೂ ಮಾಂಸಕ್ಕೆ ಕೊಡೋ ಹಾಗಿಲ್ಲ."

ಇಳಿದ ಕಲ್ಲು ತಿರುಗಿ ಅಲ್ಲೇ ಬಂದು ಕೂತಿತು.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಡತಿ ಎಲ್ಲ ಕೇಳಿ ದನಿ ತಗ್ಗಿಸಿದಳು. "ರಕ್ತದ ರೋಗ ಅಂತ ಮಾತ್ರ ಹೇಳು. ಟಗರಿನ ಸುದ್ದಿ ಎತ್ತಬೇಡ. ಹಿಂಡಿ ಕದ್ದ ಅನ್ನೋದನ್ನ ಅಪ್ಪ ಇವತ್ತಲ್ಲ ನಾಳೆ ಮರೀತಾರೆ. ನಿನ್ನ ಕಾಲ್ಗುಣದಿಂದ ಮಂದೆ ಹಾಳಾಯ್ತು ಅನ್ನೋದನ್ನ ಸಾಯೋವರೆಗೂ ಮರೆಯಲ್ಲ."

"ಹೇಳದೆ ಅದನ್ನ ಬೇರೆ ಕಟ್ಟೋದು ಹೇಗೆ?"

"ಮರಿಗಳನ್ನ ಗುದ್ದುತ್ತೆ ಅನ್ನು."

ಆ ಸುಳ್ಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ಅವನು ಅಂಗಳಕ್ಕೆ ಬಂದ. ಮಾವ ಏಳಲಾರದ ಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಾಲಿಗೆ ಬೆರಳದ್ದಿ ಚೀಪಿಸುತ್ತಿದ್ದರು. ಮರಿ ಚೀಪಲಿಲ್ಲ. ಅವರು ಮತ್ತೆ ಅದ್ದಿದರು. ಅಳಿಯ ಅಲ್ಲೇ ಕುಕ್ಕರಗಾಲಲ್ಲಿ ಕೂತು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

ಮಾವ ಮರಿಯ ಬಾಯಿ ಒರೆಸಿದರು. "ಹಾಗಾದರೆ ಹಿಂಡಿ ಮಾರಿದ್ದು ನೀನಲ್ಲ."

"ಅಲ್ಲ."

"ಮಾರಿದ್ದರೇ ಚೆನ್ನಾಗಿತ್ತು. ಒಂದು ಬೀಗ ಬದಲಾಯಿಸಿದ್ದರೆ ಮುಗೀತಿತ್ತು." ಹಾಗೆಂದು ಅವರು ಬೀಗದ ಕೈಗಾಗಿ ಕೈಯೊಡ್ಡಿದರು. "ಇನ್ನು ಮರಿಗಳನ್ನ ನಾನು ನೋಡಿಕೊಳ್ತೀನಿ. ನಿನ್ನದನ್ನ ನೀನು ನೋಡಿಕೋ."

ಹಿತ್ತಲಾಚೆಯ ಹಳೆಯ ಸೌದೆ ಕೊಟ್ಟಿಗೆ ಟಗರಿನ ಪಾಲಾಯಿತು. ಅದನ್ನು ಕೊಳ್ಳುವವರಿಲ್ಲ, ಮಂದೆಗೆ ಬಿಡುವಂತಿಲ್ಲ. ಅದನ್ನು ಬಿಟ್ಟು ಅವನಿಗೂ ಬೇರೆ ಕೆಲಸವಿಲ್ಲ. ಔಷಧಿ ಬಿದ್ದ ಮೇಲೆ ಮರಿಗಳು ಹುಲ್ಲಿಗೆ ಮುಗಿಬೀಳುತ್ತಿವೆ, ಕಣ್ಣಿನ ರೆಪ್ಪೆಯೊಳಗೆ ಮತ್ತೆ ಕೆಂಪು ಬಂದಿದೆ ಎಂದು ಹೆಂಡತಿ ಹೇಳಿದಳು. ಬೇರೆ ಯಾರೂ ಅವನಿಗೆ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವನು ಕೊಟ್ಟಿಗೆಯ ಗೋಡೆಗೊರಗಿ ಕೂತು, ಟಗರಿನ ಕಿವಿಯ ಬುಡದಿಂದ ಉಣ್ಣಿಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದ. ಆ ಸುಖಕ್ಕೆ ಟಗರು ಕಣ್ಣು ಮುಚ್ಚಿ ಅವನ ಮೇಲೆ ವಾಲಿತು. ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಊಟಕ್ಕೆ ಕೂಗಿದಳು.

"ಬಂದೆ," ಎಂದ.

ಏಳಲು ನೋಡಿದ. ಬೆನ್ನಿಗೆ ಗೋಡೆ. ಟಗರು ಮೆಲುಕು ಹಾಕುತ್ತಾ, ಮೈಯ ಭಾರವನ್ನು ಇನ್ನಷ್ಟು ಅವನ ಮೇಲೆ ಬಿಟ್ಟಿತು.