ವಿಭೂತಿ ಹಚ್ಚಿಸಿಕೊಂಡ ಕಸದ ಡಬ್ಬಿ

ನಾನು ಒಂದು ಕಸದ ಡಬ್ಬಿ. ಬಣ್ಣ ನೀಲಿ, ಕೆಲಸ ಒಣ ಕಸ ತುಂಬಿಕೊಳ್ಳುವುದು. ಹೀಗೆ ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಆದರೆ ನನ್ನ ಬಾಳಿನ ಮೊದಲ ಎರಡು ತಿಂಗಳು ಒಂದೇ ಒಂದು ಚೂರು ಕಸವೂ ನನ್ನ ಹೊಟ್ಟೆಗೆ ಬೀಳಲಿಲ್ಲ. ನನಗೆ ಅಷ್ಟೊಂದು ಮರ್ಯಾದೆ ಸಿಕ್ಕಿಬಿಟ್ಟಿತ್ತು.

ನಾನು ಹುಟ್ಟಿದ್ದು ಊರಾಚೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಸೀಳಿದ ಕೊಡ, ಕಾಲು ಮುರಿದ ಕುರ್ಚಿ, ಹಿಡಿಕೆ ಕಿತ್ತುಹೋದ ಬಕೆಟ್ಟು, ಯಾರದೋ ಮದುವೆಯಲ್ಲಿ ನೀರು ಬಡಿಸಿ ಸುಸ್ತಾಗಿದ್ದ ಜಗ್ಗು, ಇವನ್ನೆಲ್ಲ ಪುಡಿಮಾಡಿ, ಕರಗಿಸಿ, ನೀಲಿ ಬಣ್ಣ ಕಲಸಿ ಅಚ್ಚಿಗೆ ಹಾಕಿದರು. ಹೀಗಾಗಿ ನನ್ನ ಮೈಯಲ್ಲಿ ಹತ್ತು ಮನೆಗಳ ಗುಣ ಸೇರಿಕೊಂಡಿದೆ. ಹೆಂಗಸರ ಸೊಂಟವೇರಿ ತಿರುಗಿದ ಕೊಡದ ಜಂಬವೂ ಇದೆ, ಎಲ್ಲರ ಭಾರ ಹೊತ್ತು ಕಾಲು ಮುರಿದುಕೊಂಡ ಕುರ್ಚಿಯ ಸಿಡುಕೂ ಇದೆ. ನನ್ನ ಜೊತೆಗೇ ಒಬ್ಬಳು ತಂಗಿ ಹುಟ್ಟಿದಳು. ಅವಳು ಹಸಿರು. ನನ್ನ ಹೊಟ್ಟೆಯ ಮೇಲೆ 'ಒಣ ಕಸ' ಎಂದು ಬರೆದರು, ಅವಳ ಹೊಟ್ಟೆಯ ಮೇಲೆ 'ಹಸಿ ಕಸ' ಎಂದು.

ನಮ್ಮಿಬ್ಬರನ್ನೂ ಒಂದು ವಿಶ್ವವಿದ್ಯಾಲಯಕ್ಕೆ ತಂದು, ಆಡಳಿತ ಭವನದ ಮುಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅಲ್ಲಿ ನನ್ನನ್ನು ಮೊದಲು ಮುಟ್ಟಿದವಳು ಹುಲಿಗೆವ್ವ. ಹದಿನೇಳು ವರ್ಷದಿಂದ ಆ ಆವರಣ ಗುಡಿಸುತ್ತಿದ್ದ ಹೆಂಗಸು. ಸೀರೆಯ ಮೇಲೆ ಖಾಕಿ ಕೋಟು, ಕೈಯಲ್ಲಿ ಉದ್ದನೆಯ ಕಡ್ಡಿಪೊರಕೆ. ಅವಳು ನನ್ನ ಹೊಟ್ಟೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಯಾರಿಗೂ ಕೇಳದಂತೆ ಹೇಳಿದಳು:

"ಛಂದಂಗ ದುಡಿಯಪಾ. ನನ್ನ ಶೆಡ್ಡು ನಿನ್ನ ಕೈಯಾಗೈತಿ."

ನನಗೆ ಕೈ ಇಲ್ಲ. ಆದರೂ ಮಾತು ನಾಟಿತು.

ಆ ಶೆಡ್ಡಿನ ವಿಷಯ ಹೇಳಬೇಕು. ಮೊದಲೆಲ್ಲ ಎಲೆ, ಕಾಗದ, ಪ್ಲಾಸ್ಟಿಕ್ಕು ಎಲ್ಲವನ್ನೂ ಹಾಸ್ಟೆಲಿನ ಹಿಂದೆ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದರು. ಆ ಹೊಗೆ ಕುಡಿದೂ ಕುಡಿದೂ ಹುಲಿಗೆವ್ವನಿಗೆ ಕೆಮ್ಮು ಗಂಟುಬಿದ್ದಿತ್ತು. ಗ್ರಂಥಾಲಯದ ಹಿಂದೆ ಹಾಳುಬಿದ್ದಿದ್ದ ಸೈಕಲ್ ಸ್ಟ್ಯಾಂಡನ್ನು ಅವಳೇ ಕೇಳಿ ಪಡೆದು, ಗೋಣಿತಟ್ಟು ಹಾಸಿ, ಕಸ ಬೇರೆ ಮಾಡತೊಡಗಿದ್ದಳು. ಎಲೆ ಗೊಬ್ಬರವಾಗುತ್ತಿತ್ತು, ಪ್ಲಾಸ್ಟಿಕ್ಕು ಕಾರ್ಖಾನೆಗೆ ಹೋಗುತ್ತಿತ್ತು, ಬೆಂಕಿ ನಿಂತಿತ್ತು. ಆದರೆ ಕುಲಸಚಿವ ಸಂಕನಗೌಡರಿಗೆ ಆ ಜಾಗದಲ್ಲಿ ಅತಿಥಿಗಳ ಕಾರು ನಿಲ್ಲಿಸುವ ಆಸೆ. ಅವಳಿಗೆ ಮೊದಲೇ ಹಾಕಿದ್ದ ಷರತ್ತನ್ನು ಡಬ್ಬಿಗಳ ಉದ್ಘಾಟನೆಯ ದಿನ ಅವರು ಮೈಕಿನಲ್ಲೇ ಹೇಳಿಬಿಟ್ಟರು: ಮೂರು ತಿಂಗಳೊಳಗೆ ಜನ ಡಬ್ಬಿಗಳಲ್ಲಿ ಬೇರೆ ಬೇರೆಯಾಗಿ ಕಸ ಹಾಕುವುದನ್ನು ಕಲಿತರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಅದು ಕಾರುಗಳಿಗೆ. ಅಂದರೆ ಹುಲಿಗೆವ್ವ ಮತ್ತೆ ಬೆಂಕಿಯ ಮುಂದೆ.

ಇಷ್ಟಾದ ಮೇಲೆ ಕಛೇರಿ ಅಧೀಕ್ಷಕ ಗುರುಪಾದಪ್ಪನವರು ಮುಂದೆ ಬಂದರು. ಹಣೆ ತುಂಬ ವಿಭೂತಿ, ಮನಸ್ಸು ತುಂಬ ಭಕ್ತಿ, ಒಳ್ಳೆಯ ಮನುಷ್ಯ. ಅವರ ಸೇವೆಯ ಅವಧಿಯಲ್ಲಿ ಉದ್ಘಾಟನೆಯಾದದ್ದೆಲ್ಲ ತಿಂಗಳೊಳಗೆ ಕೆಟ್ಟಿತ್ತು. ಲಿಫ್ಟು ಕೆಟ್ಟಿತ್ತು, ನೀರು ಶೋಧಿಸುವ ಯಂತ್ರ ಕೆಟ್ಟಿತ್ತು, ಗಡಿಯಾರ ಗೋಪುರದ ಗಡಿಯಾರ ಉದ್ಘಾಟನೆಯ ಸಮಯವನ್ನೇ ಇವತ್ತಿಗೂ ತೋರಿಸುತ್ತ ನಿಂತಿತ್ತು. ಪೂಜೆ ಸರಿಯಾಗಿ ಆಗದ್ದೇ ಇದಕ್ಕೆಲ್ಲ ಕಾರಣ ಎಂದು ಅವರು ತೀರ್ಮಾನಿಸಿದ್ದರು. ಹಾಗಾಗಿ ನಮ್ಮಿಬ್ಬರಿಗೂ ಒಂದು ಕೊರತೆಯೂ ಆಗದಂತೆ ಪೂಜೆ ನಡೆಯಿತು. ಮುಚ್ಚಳಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ, ಊದಿನಕಡ್ಡಿ, ಕರ್ಪೂರ. ಕುಲಪತಿಗಳು ನನ್ನ ಗಾಲಿಯ ಮುಂದೆ ಕಾಯಿ ಒಡೆದರು. ನಾನು ಉಬ್ಬಿಹೋದೆ. ಕೊಡದ ಜಂಬ ಎಂದು ಆಗಲೇ ಹೇಳಿದೆನಲ್ಲ.

ಮರುದಿನ ಒಬ್ಬ ಹುಡುಗ ಚಿಪ್ಸಿನ ಖಾಲಿ ಪೊಟ್ಟಣ ಹಿಡಿದು ಬಂದ. ನಾನು ಹಸಿವಿನಿಂದ ಕಾದಿದ್ದೆ. ಅವನು ಮುಚ್ಚಳಕ್ಕೆ ಕೈ ಹಾಕಿದವನೇ ವಿಭೂತಿ ನೋಡಿ ಬೆಚ್ಚಿದ, ಚಪ್ಪಲಿ ಬಿಟ್ಟ, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಪೊಟ್ಟಣವನ್ನು ಮೆಲ್ಲಗೆ ನನ್ನ ಪಕ್ಕದಲ್ಲಿ ನೆಲಕ್ಕಿಟ್ಟು ಹೋದ. ಅವನ ಹಿಂದೆ ಬಂದವರೂ ಹಾಗೇ ಮಾಡಿದರು. ಸಂಜೆಯ ಹೊತ್ತಿಗೆ ಸುತ್ತಲೂ ಕಸ, ನಡುವೆ ಹಾರ ಹಾಕಿಕೊಂಡು ಖಾಲಿ ಹೊಟ್ಟೆಯ ನಾನು. ಹಾರ ಬಾಡಿದರೆ ಉದುರೀತು ಎಂದು ಆಸೆಪಟ್ಟೆ. ಗುರುಪಾದಪ್ಪನವರು ಪ್ರತಿ ಸೋಮವಾರ ಹೊಸ ಹಾರ ತಂದರು.

ಇಷ್ಟು ಸಾಲದೆಂಬಂತೆ ಪರೀಕ್ಷೆ ಬಂತು. ಕಸ್ತೂರಿ ಎಂಬ ರಸಾಯನಶಾಸ್ತ್ರದ ಹುಡುಗಿ ತನ್ನ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ನನ್ನ ಹಾರಕ್ಕೆ ಸಿಕ್ಕಿಸಿ ಹೋದಳು. ಅವಳು ಪಾಸಾದಳು. ಬೇವಿನ ಕಟ್ಟೆಯ ಮೇಲೆ ಕೂತು ತುಟಿ ಅಲುಗಿಸುತ್ತ ಹದಿನೈದು ದಿನ ಅವಳು ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೆಸರು ಮಾತ್ರ ನನಗೆ ಬಂತು. ಮುಂದಿನ ವಾರ ನನ್ನ ಕೊರಳ ತುಂಬ ಚೀಟಿಗಳು. ತಂಗಿಯ ಮುಂದೆ ಯಾರೋ ತುಪ್ಪದ ದೀಪ ಹಚ್ಚಿ, ಅವಳ ಒಂದು ಅಂಚು ಕರಗಿತು. ಪಾಪ, ಬಾಳೆಹಣ್ಣಿನ ಸಿಪ್ಪೆಗಾಗಿ ಹುಟ್ಟಿದವಳು.

ಹುಲಿಗೆವ್ವ ದಿನಾ ಬಂದು ನನ್ನ ಮುಚ್ಚಳ ಎತ್ತಿ ನೋಡುತ್ತಿದ್ದಳು. ಖಾಲಿ. ಒಂದು ದಿನ ಗುರುಪಾದಪ್ಪನವರನ್ನು ಮರದ ಕೆಳಗೇ ಹಿಡಿದಳು.

"ಸಾಹೇಬ್ರ, ಡಬ್ಬಿಗೆ ಹೂವ ಏರಿಸೂದು ಬಿಡ್ರಿ. ಮಂದಿ ಕಸಾ ಹಾಕವಲ್ರು."

"ಏ ಹುಲಿಗೆವ್ವಾ, ಕುಲಪತಿಗಳ ಕೈಲೆ ಕಾಯಿ ಒಡಿಸೇವಿ. ನಡುವ ಬಿಟ್ರ ಛಲೋ ಆಗೂದಿಲ್ಲ. ನೋಡಿದಿಲ್ಲೋ, ಎರಡು ತಿಂಗಳಾತು, ಇವೆರಡೂ ಒಂಚೂರು ಕೆಟ್ಟಿಲ್ಲ!"

ಕೆಡುವುದು ಹೇಗೆ? ಕೆಲಸ ಮಾಡಿದ್ದರೆ ತಾನೇ!

ಉಳಿದದ್ದು ಒಂದೇ ತಿಂಗಳು. ಹುಲಿಗೆವ್ವ ಕಟ್ಟೆಯ ಮೇಲೆ ಕೂತು ಯೋಚಿಸಿದಳು. ಅಷ್ಟರಲ್ಲಿ ಕಸ್ತೂರಿ ನಾಲ್ಕು ಗೆಳತಿಯರನ್ನು ಕಟ್ಟಿಕೊಂಡು ಚೀಟಿ ಸಿಕ್ಕಿಸಲು ಬಂದಳು. ಹುಲಿಗೆವ್ವನ ಮುಖದಲ್ಲಿ ಕಿಡಿಗೇಡಿ ನಗು ಸುಳಿದದ್ದನ್ನು ನಾನು ನೋಡಿದೆ.

"ಚೀಟಿ ಒಲ್ಲದವ್ವಾ ಇದು," ಎಂದಳು. "ಇದಕ್ಕ ಖಾಲಿ ಬಾಟ್ಲಿ ಅಂದ್ರ ಪ್ರೀತಿ. ಐದು ಬಾಟ್ಲಿ ಒಳಗ ಹಾಕಿ ಕೈ ಮುಗೀರಿ."

ಅಂದೇ ಸಂಜೆ ನನ್ನ ಹೊಟ್ಟೆಗೆ ಮೊದಲ ಬಾಟಲಿ ಬಿತ್ತು. ದಬ್ ಎಂಬ ಆ ಸದ್ದು! ನನಗೆ ಸಂತೋಷದಿಂದ ಮೈಯೆಲ್ಲ ಗುಂಯ್ ಎಂದಿತು. ವಾರದೊಳಗೆ ನಾನು ದಿನಕ್ಕೆರಡು ಸಲ ತುಂಬತೊಡಗಿದೆ. ಹುಲಿಗೆವ್ವ ಚೀಲಗಟ್ಟಲೆ ಹೊತ್ತು ಶೆಡ್ಡಿಗೆ ಸಾಗಿಸಿದಳು. ತಟ್ಟುಗಳ ಮೇಲೆ ಬಾಟಲಿಗಳ ಗುಡ್ಡವೇ ಎದ್ದಿತು. ಆ ದಿನಗಳಲ್ಲಿ ಅವಳು ಗುಡಿಸುತ್ತ ಹಾಡು ಗುನುಗುತ್ತಿದ್ದಳು.

ಪರಿಶೀಲನೆಗೆ ಎರಡು ದಿನವಿದ್ದಾಗ ಅವಳು ನನ್ನೊಳಗಿಂದ ಒಂದು ಬಾಟಲಿ ತೆಗೆದು ಬಿಸಿಲಿಗೆ ಹಿಡಿದಳು. ಒಂದು ಗೀರಿಲ್ಲ. ಒಳಗೆ ಇನ್ನೂ ತಣ್ಣನೆಯ ಹನಿ. ಇನ್ನೊಂದು ತೆಗೆದಳು, ಅದೂ ಹಾಗೇ. ಹಾಡು ನಿಂತಿತು. ಬೇವಿನ ಮರದ ಆಚೆ ಬದಿಗೇ ನೀರಿನ ಬಾಟಲಿ ಮಾರುವ ಚನ್ನಬಸುವಿನ ಅಂಗಡಿ. ಅಲ್ಲಿ ನಡೆದ ಮಾತು ನನಗೆ ಚೆನ್ನಾಗಿ ಕೇಳಿಸಿತು.

"ಚನ್ನಬಸು, ಬಾಟ್ಲಿ ಭಾಳ ಹೊಂಟಾವೇನೋ?"

"ನಿನಗ ಪುಣ್ಯಾ ಬರ್ಲಿ ಯವ್ವಾ! ಮೊದಲೆಲ್ಲಾ ದಿನಕ್ಕ ಎರಡು ಪೆಟ್ಟಿಗಿ ಹೋಗ್ತಿದ್ವು, ಈಗ ಹನ್ನೆರಡು. ನೀರು ಬೇವಿನ ಗಿಡಕ್ಕ ಸುರೂತಾರ, ಬಾಟ್ಲಿ ನಿನ್ನ ದೇವ್ರಿಗೆ ಹಾಕ್ತಾರ."

ಬೇವಿನ ಮರ ಈಚೆಗೆ ಯಾಕೆ ಅಷ್ಟೊಂದು ಚಿಗುರಿದೆ ಎಂದು ನನಗೂ ಆಗ ತಿಳಿಯಿತು. ಹುಲಿಗೆವ್ವ ವಾಪಸು ಬಂದು ನನ್ನ ಪಕ್ಕದಲ್ಲಿ ಕೂತಳು. "ಕಸಾ ಕಡಿಮಿ ಮಾಡಾಕ ಹೋಗಿ ನಾನ ಹೆಚ್ಚು ಮಾಡಿಟ್ನೆಲ್ಲೋ," ಎಂದು ನನಗೇ ಹೇಳಿದಳು. ನನ್ನ ಸಂತೋಷವೆಲ್ಲ ಇಳಿದುಹೋಯಿತು. ಹೊಟ್ಟೆ ತುಂಬಿತ್ತು ನಿಜ. ತುಂಬಿದ್ದು ಕಸವಾಗಿರಲಿಲ್ಲ.

ಪರಿಶೀಲನೆಯ ದಿನ ಸಂಕನಗೌಡರು ಬಂದರು. ಯಾರೋ ಸ್ವಾಗತಕ್ಕೆ ಕೊಟ್ಟ ಹೂಗುಚ್ಛ ಕೈಯಲ್ಲಿತ್ತು. ಶೆಡ್ಡಿನಲ್ಲಿ ಬಾಟಲಿಗಳ ಗುಡ್ಡ ನೋಡಿ ಬಂದವರು ನನ್ನ ಮುಂದೆ ನಿಂತು, "ನಮ್ಮ ವಿಶ್ವವಿದ್ಯಾಲಯದ ಇತಿಹಾಸದಾಗ ಇಷ್ಟು ಒಣ ಕಸ ಎಂದೂ ಆಗಿರಲಿಲ್ಲ!" ಎಂದು ಎದೆಯುಬ್ಬಿಸಿ ಹೇಳಿದರು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. "ಹುಲಿಗೆವ್ವಾ, ಶೆಡ್ಡು ನಿನ್ನದ."

ಅವಳು ಸುಮ್ಮನೆ ಕೈ ಮುಗಿದಿದ್ದರೆ ಸಾಕಿತ್ತು. ಸುಮ್ಮನಿರು ಎಂದು ನಾನೂ ಒಳಗೊಳಗೇ ಬೇಡಿಕೊಂಡೆ. ಅವಳು ಪೊರಕೆಯನ್ನು ಕಟ್ಟೆಗೆ ಒರಗಿಸಿದಳು.

"ಇದು ಕಸಾ ಅಲ್ರಿ ಸಾಹೇಬ್ರ. ಇದು ಹರಕಿ. ನಾನ ಸುಳ್ಳು ಹೇಳಿ ಹಾಕಿಸಿದ್ದು. ಹುಡುಗೂರು ಡಬ್ಬಿಗೆ ಏರಿಸಾಕಂತನ ಹೊಸಾ ಬಾಟ್ಲಿ ತರ್ತಾವು. ಶೆಡ್ಡು ಕಸ್ಗೋತೀರಿ ಅಂದ್ರ ಕಸ್ಗೋರಿ. ಆದ್ರ ಇದನ್ನ ಕಸಾ ಅನಬ್ಯಾಡ್ರಿ."

ಗುಂಪಿನಲ್ಲಿದ್ದ ಕಸ್ತೂರಿ ತಲೆ ತಗ್ಗಿಸಿದಳು. ಗುರುಪಾದಪ್ಪನವರ ಮುಖ ಕೆಂಪೇರಿತು. "ಅಂದ್ರ ಪೂಜಿ ಮಾಡಿದ್ದ ತಪ್ಪಾತೇನು?"

"ಪೂಜಿ ತಪ್ಪಲ್ರಿ. ಆಯುಧಪೂಜಿಗೆ ಕೊಡ್ಲಿಗೂ ಕುಂಕುಮ ಹಚ್ಚತೀವಿ. ಮರುದಿನ ಅದು ಕಟಗಿ ಕಡಿಯೂದಿಲ್ಲೇನು? ಸಾಹೇಬ್ರ ಜೀಪಿಗೆ ಹಾರ ಹಾಕ್ತೀರಿ. ಸಾಹೇಬ್ರು ಅದರಾಗ ಕೂಡೂದು ಬಿಟ್ಟು ಕೈ ಮುಗದು ನಡಕೋತ ಹೋಗ್ತಾರೇನು? ಈ ಪೊರಕಿ ಲಕ್ಷ್ಮಿರಿ, ಕಾಲು ತಾಗಸಂಗಿಲ್ಲ. ಹಂಗಂತ ನಾ ಇದನ್ನ ಗ್ವಾಡಿಗೆ ತೂಗಹಾಕಿ ಕುಂತಿದ್ರ ಹದಿನೇಳು ವರ್ಷ ನಿಮ್ಮ ಅಂಗಳದ ಕಸಾ ಯಾರು ಹೊಡೀತಿದ್ರು?"

ಅವಳು ಸೆರಗು ನೆನೆಸಿಕೊಂಡು ಬಂದು ನನ್ನ ಮುಚ್ಚಳದ ವಿಭೂತಿಯನ್ನು ಒರೆಸಿದಳು. ಬಾಡಿದ ಹಾರ ಬಿಚ್ಚಿ ತಂಗಿಯ ಹೊಟ್ಟೆಗೆ ಹಾಕಿದಳು. ಆಮೇಲೆ ಕುಲಸಚಿವರತ್ತ ತಿರುಗಿ, "ಆ ಹೂವಿನ ಮ್ಯಾಲಿಂದು ಪ್ಲಾಸ್ಟಿಕ್ಕು ಬಿಚ್ಚಿ ಇದಕ್ಕ ಹಾಕ್ರಿ," ಎಂದಳು.

ಸಂಕನಗೌಡರು ಬಿಚ್ಚತೊಡಗಿದರು. ಒಂದು ಪದರ, ಎರಡು ಪದರ, ರಿಬ್ಬನ್ನು, ಮಿರಿಮಿರಿ ಕಾಗದ. ಎಲ್ಲ ಬಿಚ್ಚಿದ ಮೇಲೆ ಕೈಯಲ್ಲಿ ಉಳಿದದ್ದು ಮೂರು ಹೂವು. ಅವರೇ ಮೊದಲು ನಕ್ಕರು. ಗುರುಪಾದಪ್ಪನವರೂ ಜೇಬಿನಿಂದ ಊದಿನಕಡ್ಡಿಯ ಖಾಲಿ ಪೊಟ್ಟಣ ತೆಗೆದು, ಬಹಳ ಹೊತ್ತು ತಡವರಿಸಿ ನನ್ನೊಳಗೆ ಹಾಕಿದರು. ಹಾಕಿದ ಮೇಲೆ ಅಭ್ಯಾಸಬಲದಿಂದ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕುಲಸಚಿವರು ಇನ್ನೂ ಮೂರು ತಿಂಗಳು ಕೊಟ್ಟರು. ಈ ಸಲ ಕಸ ಎಷ್ಟು ಹೆಚ್ಚಿತು ಎಂದಲ್ಲ, ಎಷ್ಟು ಇಳಿಯಿತು ಎಂದು ನೋಡುತ್ತೇನೆ ಅಂದರು. ಕಸ್ತೂರಿ ಮತ್ತು ಗೆಳತಿಯರು ಚನ್ನಬಸುವಿನ ಅಂಗಡಿಯ ಮುಂದೆ ಮಣ್ಣಿನ ಹರವಿ ಇಟ್ಟು ನೀರು ತುಂಬಿಸಿದರು. ಹಳೆಯ ಬಾಟಲಿಗೇ ಮತ್ತೆ ನೀರು ತುಂಬಿಸಿಕೊಳ್ಳಿ ಎಂದು ಬಂದವರಿಗೆಲ್ಲ ಹೇಳಿದರು. ಚನ್ನಬಸು ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ನಿಂಬೆಹಣ್ಣಿನ ಶರಬತ್ತು ಮಾರತೊಡಗಿದ. ಹನ್ನೆರಡು ಪೆಟ್ಟಿಗೆ ಒಂದಕ್ಕಿಳಿಯಿತು. ನನ್ನ ಹೊಟ್ಟೆಗೆ ಸುಕ್ಕಾದ, ಹರಿದ, ಅಂಟಂಟಾದ ನಿಜವಾದ ಕಸ ಬೀಳತೊಡಗಿತು. ಶೆಡ್ಡು ಉಳಿಯಿತು. ಅತಿಥಿಗಳ ಕಾರುಗಳು ಇವತ್ತಿಗೂ ಬಿಸಿಲಿನಲ್ಲೇ ನಿಲ್ಲುತ್ತವೆ.

ಇದೆಲ್ಲ ಆಗಿ ಒಂಬತ್ತು ವರ್ಷವಾಯಿತು. ಬಿಸಿಲಿಗೆ ನನ್ನ ನೀಲಿ ಬೆಳ್ಳಗಾಗಿದೆ, ಒಂದು ಗಾಲಿ ಇಲ್ಲ, ತಳ ಸೀಳಿದೆ. ತಂಗಿ ಹೋದ ವರ್ಷವೇ ಹೋದಳು. ನಾನು ಈಗ ಹುಲಿಗೆವ್ವನ ಶೆಡ್ಡಿನ ಮೂಲೆಯಲ್ಲಿ ಒಡೆದ ಬಕೆಟ್ಟುಗಳ ಜೊತೆ ಕಾರ್ಖಾನೆಯ ಗಾಡಿಗಾಗಿ ಕಾಯುತ್ತಿದ್ದೇನೆ. ಮತ್ತೆ ಪುಡಿ, ಮತ್ತೆ ಅಚ್ಚು. ಏನಾಗಿ ಹುಟ್ಟುತ್ತೇನೋ ಗೊತ್ತಿಲ್ಲ. ಕೊಡವಾದರೆ ನೀರು ತುಂಬಲಿ, ಕುರ್ಚಿಯಾದರೆ ಯಾರಾದರೂ ಕೂರಲಿ. ಅಲಂಕಾರ ಮಾಡಿ ಸುಮ್ಮನೆ ಮಾತ್ರ ನಿಲ್ಲಿಸದಿರಲಿ. ಆ ಎರಡು ತಿಂಗಳ ಹಸಿವನ್ನು ನಾನು ಇನ್ನೂ ಮರೆತಿಲ್ಲ.

ಇವತ್ತು ಬೆಳಿಗ್ಗೆ ಗುರುಪಾದಪ್ಪನವರು ಬಂದಿದ್ದರು. ನಿವೃತ್ತರಾಗಿ ಬಹಳ ದಿನವಾಯಿತು, ಕೈಯಲ್ಲಿ ಕೋಲು. ನಾನು ಹೋಗುವ ಸುದ್ದಿ ಯಾರೋ ಹೇಳಿರಬೇಕು. ಅಂಗಿಯ ಜೇಬಿನಿಂದ ವಿಭೂತಿಯ ಸಣ್ಣ ಕರಡಿಗೆ ತೆಗೆದರು. ತೆಗೆದವರು ಹಾಗೇ ನಿಂತು, ಹುಲಿಗೆವ್ವನ ಕಡೆ ನೋಡಿದರು.

"ಹುಲಿಗೆವ್ವಾ, ಹಚ್ಲೇನು?"

ಅವಳು ಎಲೆ ಬೇರೆ ಮಾಡುತ್ತಿದ್ದ ಕೈ ನಿಲ್ಲಿಸಿ, ಎದ್ದು ಬಂದು, ನನ್ನ ಸೀಳಿದ ಮೈಯನ್ನು ಸೆರಗಿನಿಂದ ಒರೆಸಿದಳು.

"ಈಗ ಹಚ್ರಿ ಸಾಹೇಬ್ರ. ಈಗ ದುಡದೈತಿ."

ಅವರು ಮೂರು ಬೆರಳಿನಿಂದ ಎಳೆದರು. ಒಂಬತ್ತು ವರ್ಷದ ಕೊಳೆಯ ಮೇಲೆ ಆ ಗೆರೆಗಳು ಸರಿಯಾಗಿ ಮೂಡಲೂ ಇಲ್ಲ.