ಲುಚಿಯಾಳ ನೀಲಿ ಸೆರಗು

ಇಟಲಿಯಿಂದ ಬಂದು ವಾರವಾದರೂ ಪರ್ಸಿನ ಒಳಜೇಬನ್ನು ತೆರೆದು ನೋಡುವುದನ್ನು ನಾನು ಬಿಟ್ಟಿಲ್ಲ. ಅಲ್ಲಿ ಈಗ ಏನೂ ಇಲ್ಲ.

ನಮ್ಮವರು, ಅರವಿಂದ, ಸೇತುವೆಗಳ ಇಂಜಿನಿಯರಾಗಿದ್ದವರು. ನಿವೃತ್ತರಾದ ಹೊಸದರಲ್ಲಿ, ನಾವಿರುವ ಲಾಸ್ ಆಲ್ಟೋಸಿನ ಲೈಬ್ರರಿಯವರು ಹಳೆಯ ಪುಸ್ತಕ ಮಾರುವಾಗ, ಇಟಲಿಯ ಪುಟ್ಟ ಊರೊಂದರ ಚರ್ಚುಗಳ ಚಿತ್ರಗಳಿದ್ದ ದಪ್ಪ ಪುಸ್ತಕವನ್ನು ಹೊತ್ತು ತಂದರು. ಅದರಲ್ಲಿ ಒಂದು ಪುಟ ಅವರನ್ನು ಹಿಡಿದುಬಿಟ್ಟಿತು: ಸಂತ ಲುಚಿಯಾ, ನಂಬಿದ ದೇವರಿಗಾಗಿ ಕಣ್ಣು ಕೀಳಿಸಿಕೊಂಡವಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವಳದೇ ಎರಡು ಕಣ್ಣು. ಮುಖದಲ್ಲೂ ಎರಡು ಕಣ್ಣು, ನೆಟ್ಟಗೆ ನಮ್ಮನ್ನೇ ನೋಡುತ್ತವೆ.

"ಕಿತ್ತುಕೊಂಡೋರ ಮುಂದೆ ಹೇಗೆ ನಿಂತಿದ್ದಾಳೆ ನೋಡೇ," ಎನ್ನುತ್ತಿದ್ದರು. ಆಗ ಅವರ ದೃಷ್ಟಿ ಚೆನ್ನಾಗಿತ್ತು.

ಹೋಗೋಣ ಹೋಗೋಣ ಎನ್ನುತ್ತಲೇ ಡಬ್ಲಿನ್ನಿನಲ್ಲಿರುವ ಮಗಳು ಗಾರ್ಗಿಯ ಬಾಣಂತನ ಬಂತು, ಆಮೇಲೆ ನನ್ನ ಮಂಡಿಯ ಆಪರೇಷನ್ನು. ಅಷ್ಟರಲ್ಲಿ ಗ್ಲಾಕೋಮ ಇವರ ಎಡಗಣ್ಣನ್ನು ಪೂರ್ತಿ ನುಂಗಿತ್ತು. ಜೋರು ಬೆಳಕಿದ್ದರೆ ಬಲಗಣ್ಣಿಗೆ ಬಣ್ಣ ಕಾಣಬಹುದು ಎಂದರು ಡಾಕ್ಟರು.

"ಹಾಗಾದ್ರೆ ಈಗ್ಲೇ ಟಿಕೆಟ್ ಮಾಡು ಗಾರ್ಗಿ. ಲುಚಿಯಾಳ ನೀಲಿ ಸೆರಗನ್ನ ಒಂದ್ಸಲ ನೋಡ್ಬೇಕು," ಎಂದರು ಇವರು ಫೋನಿನಲ್ಲಿ.

ದೃಷ್ಟಿ ಉಳಿಸಮ್ಮ ಎಂದು ದೇವಿಗೆ ನಾನು ಹರಕೆ ಹೊತ್ತಿದ್ದೆ. ಮೈಸೂರಿನಿಂದ ತಂಗಿ ಬೆಳ್ಳಿಯ ಜೋಡಿ ಕಣ್ಣು ಕಳಿಸಿದ್ದಳು. ಇಲ್ಲಿನ ಲಿವರ್ಮೋರ್ ದೇವಸ್ಥಾನದಲ್ಲಿ ಒಪ್ಪಿಸಿ ಬರೋಣವೆಂದರೆ ಇವರು ನಕ್ಕರು.

"ಸರ್ವೀಸಲ್ಲಿ ಒಬ್ರಿಗೂ ಲಂಚ ಕೊಟ್ಟೋನಲ್ಲ ನಾನು. ನೀನು ದೇವ್ರಿಗೇ ಕೊಡೋಕೆ ಹೊರಟ್ಯಾ ಮೈಥಿಲಿ?"

ಕಣ್ಣು ಪರ್ಸಿನಲ್ಲೇ ಉಳಿಯಿತು.

ಆ ಊರಲ್ಲಿ ತಿರುವಿಗೊಂದು ಚರ್ಚು. ಮೊದಲನೆಯದರಲ್ಲಿ ಕಂಬಗಳನ್ನು ತಡವಿ, ಕಲ್ಲಿನ ಕೆಲಸವನ್ನು ಹೊಗಳಿದರು. ಎರಡನೆಯದರಲ್ಲಿ ಕಿಟಕಿಯ ಗಾಜಿನ ಕೆಂಪು ಬಣ್ಣ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆಯೇ ನಿಂತು, "ಇಲ್ಲೇನೂ ಇಲ್ವಾ?" ಎಂದರು. ನಾನು ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಲುಚಿಯಾಳ ಚರ್ಚು ಏರಿನ ತುದಿಯಲ್ಲಿತ್ತು. ಬಾಗಿಲಲ್ಲಿ ನಾವಿಬ್ಬರೂ ಅಭ್ಯಾಸಬಲದಿಂದ ಶೂ ಬಿಚ್ಚಿದೆವು. ಒಳಗೆ ಗುಡಿಸುತ್ತಿದ್ದ ಮುದುಕಿ ನಮ್ಮ ಪಾದಗಳನ್ನು ನೋಡಿದಳು, ಇವರ ಕೋಲನ್ನು ನೋಡಿದಳು. ನಗಲಿಲ್ಲ. ಮೂಲೆಯಲ್ಲಿದ್ದ ಜಮಖಾನವನ್ನು ಎಳೆದು ತಂದು ಚಿತ್ರದ ಮುಂದೆ ಹಾಸಿದಳು, ಕಲ್ಲು ತಣ್ಣಗಿತ್ತಲ್ಲ. ಎದುರು ಗೋಡೆಯ ತುಂಬ ಬೆಳ್ಳಿಯ ಹೃದಯಗಳು, ಕಾಲುಗಳು, ಕಣ್ಣುಗಳು. ನಮ್ಮ ಕಡೆಯ ಹರಕೆಗಳೇ ಇಲ್ಲಿಗೆ ನಡೆದು ಬಂದಂತಿದ್ದವು.

ಚಿತ್ರವಿದ್ದ ಗೂಡು ಕತ್ತಲು. ಪಕ್ಕದ ಡಬ್ಬಕ್ಕೆ ಕಾಸು ಹಾಕಿದರೆ ಸ್ವಲ್ಪ ಹೊತ್ತು ದೀಪ ಉರಿಯುತ್ತದೆ. ಹಾಕಿದೆ. ಗೋಪುರದ ಗಂಟೆಯ ಸದ್ದಿನಲ್ಲಿ ಕಾಸು ಬಿದ್ದದ್ದು ಕೇಳಿಸಲಿಲ್ಲ. ಬೆಳಕು ಸುರಿದು ನೀಲಿ ಎದ್ದುಬಂತು. ಇವರು ಟೋಪಿ ತೆಗೆದು, ಗದ್ದ ಎತ್ತಿ ಕಾಯುತ್ತಿದ್ದರು.

"ಹಾಕೇ ಕಾಸು," ಎಂದರು.

ದೀಪದ ಬೆಳಕು ಅವರ ಮುಖದ ಮೇಲೂ ಬಿದ್ದಿತ್ತು. "ಡಬ್ಬ ಕೆಟ್ಟಿದೆ ಕಣ್ರೀ," ಎಂದೆ.

"ಅಯ್ಯೋ. ಇಷ್ಟು ದೂರ ಬಂದು."

"ನಾನೇ ಹೇಳ್ತೀನಿ ಇರಿ. ಸೆರಗು ಇದ್ಯಲ್ಲ, ಬರೀ ನೀಲಿ ಅಲ್ಲ. ನವಿಲಿನ ಕತ್ತಿನ ಥರ..."

ಅಷ್ಟರಲ್ಲಿ ಟಕ್ಕೆಂದು ದೀಪ ಆರಿತು. ಆ ಸದ್ದಿಗೆ ಅವರ ತಲೆ ಚೂರು ವಾಲಿತು. ನಮ್ಮಲ್ಲಿ ಚಿಲ್ಲರೆ ಇಲ್ಲವೆಂದುಕೊಂಡಳೋ ಏನೋ, ಮುದುಕಿ ತನ್ನ ಏಪ್ರನ್ನಿನ ಜೇಬಿನಿಂದ ಕಾಸು ತೆಗೆದು ಡಬ್ಬಕ್ಕೆ ಹಾಕಿದಳು. ಅದು ಠಣ್ಣನೆ ಬಿತ್ತು. ದೀಪ ಮತ್ತೆ ಹತ್ತಿತು.

ಇವರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು.

"ಡಬ್ಬ ಕೆಟ್ಟಿದ್ರೆ ಕೆಡ್ಲಿ ಬಿಡು. ನೀನು ಹೇಳು. ಅಂಚು ಯಾವ ಬಣ್ಣ?"

ಹೇಳಿದೆ. ಅಂಚು, ಬೆರಳು, ತಟ್ಟೆ, ಎಲ್ಲವನ್ನೂ. ದೀಪ ಆರಿದ ಮೇಲೂ ಹೇಳುತ್ತಲೇ ಇದ್ದೆ.

ಹೊರಡುವಾಗ ಪರ್ಸಿನಿಂದ ಬೆಳ್ಳಿಯ ಕಣ್ಣು ತೆಗೆದು ಮುದುಕಿಯ ಅಂಗೈಯಲ್ಲಿಟ್ಟೆ. ಏನೂ ಬೇಡಿಕೊಳ್ಳಲಿಲ್ಲ. ಬೇಡಲು ಏನುಳಿದಿತ್ತು? ಅವಳು ಕೆಂಪು ರಿಬ್ಬನ್ನಿನಲ್ಲಿ ಅದನ್ನು ಕಟ್ಟಿ ಎದುರು ಗೋಡೆಗೆ ತೂಗುಹಾಕಿದಳು. ಆಮೇಲೆ ಬಾಗಿಲ ಬಳಿ ಮಂಡಿಯೂರಿ ಕೂತು ಇವರ ಶೂ ಲೇಸು ಕಟ್ಟಿದಳು. ನನ್ನ ಮಂಡಿ ಬಗ್ಗದು ಎನ್ನುವುದು ಅವಳಿಗೆ ಹೇಗೆ ತಿಳಿಯಿತೋ.

ಇವತ್ತು ಬೆಳಿಗ್ಗೆ ಗಾರ್ಗಿ ಫೋನು ಮಾಡಿದಳು. "ಅಪ್ಪಾ, ಕೊನೆಗೂ ಪೇಂಟಿಂಗು ಹೇಗಿತ್ತು?"

"ನಿಮ್ಮಮ್ಮ ಚೆನ್ನಾಗಿ ತೋರಿಸಿದ್ಲು ಕಣಮ್ಮ."

ಫೋನಿಟ್ಟ ಮೇಲೆ ಕಾಫಿ ಕೊಟ್ಟೆ. ಕೈ ತಾನಾಗಿ ಮತ್ತೆ ಪರ್ಸಿಗೆ ಹೋಯಿತು.

"ಎಷ್ಟು ಸಲ ಎಳೀತೀಯೇ ಆ ಜಿಪ್ಪನ್ನ? ಕಣ್ಣು ಅಲ್ಲೇ ಕೊಟ್ಟು ಬಂದ್ಯಲ್ಲ."

ನಾನು ಜಿಪ್ಪು ಮುಚ್ಚಿದೆ. ಅವರು ಲೋಟವನ್ನು ತಡವಿ, ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಲ್ಲಿ ಹಾಕಿದ್ಲು ಆ ಮುದುಕಿ?"

"ಎದುರು ಗೋಡೆಗೆ."

"ಲುಚಿಯಾ ಕಡೆಗೇ ಮುಖ ಇದ್ಯಾ?"

"ಹೂಂ."

"ಸರಿ ಬಿಡು," ಎಂದರು. "ಅವಾದ್ರೂ ನೋಡ್ತಾ ಇರ್ಲಿ."